ಕಲ್ಲುಬಳೆಯ ನರ್ತಕಿಗೆ ನನ್ನ ಮುಖ

ಹೈಸ್ಕೂಲು ಮುಗಿಸಿ ಎರಡು ವರ್ಷದಿಂದ ನಾನು ಯಳಂದೂರಿನ ಮನೆಯಲ್ಲೇ ಕೂತಿದ್ದೆ. ಅರವತ್ತರ ದಶಕದ ಮೊದಲ ವರ್ಷಗಳು ಅವು. ಶಾಲೆಯ ವಸ್ತುಪ್ರದರ್ಶನಕ್ಕೆ ನೆರವಾಗೆಂದು ನಮ್ಮ ಡ್ರಾಯಿಂಗ್ ಮೇಷ್ಟ್ರು ಕರೆಸಿದರು. ಹಳೆಯ ಗುಡಿಗಳ ಶಿಲ್ಪವನ್ನು ಆಳೆತ್ತರದ ಹಲಗೆಯ ಮೇಲೆ ಬರೆಯುವುದು, ಮುಖದ ಜಾಗದಲ್ಲಿ ತೂತು ಕೊರೆಯುವುದು, ಬಂದವರು ಹಿಂದಿನಿಂದ ಮುಖ ಇಟ್ಟು ತಾವೇ ಶಿಲ್ಪವಾಗಿ ನಿಲ್ಲುವುದು. ಇದು ಮೇಷ್ಟ್ರಿಗೆ ಹತ್ತಿದ್ದ ಹುಚ್ಚು. ಬರೆಯುವ ಕೆಲಸ ನನ್ನದು.

ಟೀ ಪೆಟ್ಟಿಗೆಗಳ ತೆಳು ಹಲಗೆ ಜೋಡಿಸಿ ಒಬ್ಬ ನರ್ತಕಿಯನ್ನು ಬರೆದೆ. ಭಂಗಿ ಮೇಷ್ಟ್ರ ಪುಸ್ತಕದ ಫೋಟೋದ್ದು. ಕೈಗೆ ಮಾತ್ರ ನಮ್ಮೂರ ಬಳೆಮಂಟಪದಲ್ಲಿ ತೂಗುವ ಕಲ್ಲಿನ ಬಳೆಗಳನ್ನೇ ತೊಡಿಸಿದೆ. ನಾನು ಬಿಡಿಸಿದ ಕಿವಿಯೋಲೆ ಮುಚ್ಚಿಹೋಗಬಾರದೆಂದು ತೂತನ್ನು ಚಿಕ್ಕದಾಗಿಯೇ ಕೊರೆದೆ. ನನ್ನ ಜಂಬಕ್ಕಿಷ್ಟು ಬೆಂಕಿ ಹಾಕ.

ಸೋಮವಾರ ಇನ್ಸ್‌ಪೆಕ್ಟರು ಶಾಲೆ ತನಿಖೆಗೆ ಬರುವವರಿದ್ದರು. ಅವರು ಮೆಚ್ಚಿ ಬರೆದುಕೊಟ್ಟರೆ ಚಿತ್ರಕಲೆ ಕಲಿಯಲು ಮೈಸೂರಿಗೆ ಕಳಿಸುತ್ತೇನೆಂದು ಅಪ್ಪ ಮೇಷ್ಟ್ರ ಮುಂದೆ ಒಪ್ಪಿದ್ದರು. ನಮ್ಮ ಮನೆಯ ಹೆಣ್ಣುಮಕ್ಕಳು ಮೈಸೂರು ನೋಡುತ್ತಿದ್ದುದು ಮದುವೆ ಸೀರೆ ತರುವಾಗ ಮಾತ್ರ.

ಭಾನುವಾರ ಜನವೋ ಜನ. ಮುದುಕಿಯರು ಮುಖ ಇಟ್ಟು ನಕ್ಕರು, ತಾಲ್ಲೂಕು ಕಚೇರಿಯ ಮೀಸೆ ಗುಮಾಸ್ತರೂ ನರ್ತಕಿಯಾದರು. ಎಲ್ಲರೂ ಮುಖವನ್ನು ತೂತಿಗೆ ಆನಿಸಿ ತೆಗೆಯುತ್ತಿದ್ದರು. ಅಷ್ಟರಲ್ಲಿ ಕೊಳ್ಳೇಗಾಲದಿಂದ ನನ್ನ ಸೋದರತ್ತೆ ಬಂದಳು, ಜೊತೆಗೆ ಇಬ್ಬರು ಹೆಂಗಸರು. ಪಕ್ಕದ ಮನೆಯವರು, ಪ್ರದರ್ಶನ ನೋಡಲು ಬಂದವರು ಎಂದಳು. ನನ್ನನ್ನೂ ಹಲಗೆಯ ಹಿಂದೆ ನಿಲ್ಲಿಸಿದಳು.

"ಇನ್ನೊಸಿ ಮುಂದಕ್ ಬಾ ಕಣಮ್ಮಿ, ಮೊಕ ಸರ್ಯಾಗ್ ಕಾಣ್ತಿಲ್ಲ."

ಮುಖವನ್ನು ಇನ್ನಷ್ಟು ಮುಂದಕ್ಕೆ ತಳ್ಳಿದೆ. ಕಿವಿಗಳು ಮಡಚಿಕೊಂಡು ತೂತಿನಾಚೆ ಹೋದವು, ವಾಪಸು ಬರಲಿಲ್ಲ.

ಮೇಷ್ಟ್ರು ನೋಡಿ, "ಗರಗಸ ತರ್ತೀನಿ, ಹಲಗೆ ಕೊಯ್ಯೋದೇ ಸರಿ" ಎಂದರು. ಕೊಯ್ದರೆ ನರ್ತಕಿಯ ಕತ್ತು ಹೋಗುತ್ತಿತ್ತು, ನನ್ನ ಮೈಸೂರೂ ಹೋಗುತ್ತಿತ್ತು.

"ಬ್ಯಾಡಿ ಸಾ. ಎಷ್ಟೊತ್ತಾದ್ರೂ ನಿಂತಿರ್ತೀನಿ. ಎಣ್ಣೆ ತನ್ನಿ" ಎಂದೆ. ಅವರು ಹರಳೆಣ್ಣೆ ತರಲು ಓಡಿದರು.

ಕೈಗಳು ಹಲಗೆಯ ಹಿಂದೆ, ಮುಖ ಊರ ಮುಂದೆ. ಮೂಗಿನ ಮೇಲೆ ಕೂತ ನೊಣವನ್ನೂ ಓಡಿಸುವಂತಿರಲಿಲ್ಲ. ಅಲ್ಲಾಡಿದರೆ ಹಲಗೆ ಸೀಳೀತೆಂದು ಉಸಿರನ್ನೂ ಮೆಲ್ಲಗೆ ಬಿಟ್ಟೆ. ಅಳು ಒತ್ತರಿಸಿ ಬಂತು, ಯಾರಿಗೂ ಕಾಣದಿರಲೆಂದು ಕಣ್ಣು ಕೆಳಗೆ ಮಾಡಿದೆ. ಅತ್ತೆಯ ಜೊತೆ ಬಂದವರಲ್ಲಿ ದೊಡ್ಡಾಕೆ, ಹಣೆತುಂಬ ವಿಭೂತಿಯವರು, ನನ್ನೆದುರು ನಿಂತು ಸಂತೆಯಲ್ಲಿ ಎಮ್ಮೆ ನೋಡುವ ಹಾಗೆ ನೋಡಿದರು. ಅಡುಗೆ ಬರುತ್ತದೆಯೇ ಎಂದರು. ಹೊತ್ತು ಹೋಗದೆ ಕೇಳುತ್ತಿದ್ದಾರೆ ಎಂದುಕೊಂಡು ಹೂಂ ಅಂದೆ.

"ಉಡ್ಗಿ ಬೋ ಸಾದು ಕಣವ್ವ. ಇಷ್ಟ್ ಜನ ನಗ್ತಾವ್ರೆ, ಒಸಿನೂ ಅಲ್ಲಾಡ್ನಿಲ್ಲ" ಎಂದು ಅತ್ತೆಗೆ ಹೇಳಿ ಪಕ್ಕಕ್ಕೆ ಸರಿದರು.

ಸ್ವಲ್ಪ ಹೊತ್ತಿಗೆ ಹಿಂದಿನಿಂದ ಯಾರೋ ನನ್ನ ಜಡೆ ಹಿಡಿದರು. ಯಾರೋ ಗೆಳತಿ ಬಂದು ಬಿಡಿಸುತ್ತಿದ್ದಾಳೆ, ಇನ್ನೇನು ಬಿಡುಗಡೆ ಎಂದು ಸುಮ್ಮನೆ ತಲೆ ಒಡ್ಡಿದೆ. ಕತ್ತಿಗೆ ತಣ್ಣಗೆ ಏನೋ ತಗುಲಿತು.

ಆಮೇಲೆ ಎಣ್ಣೆ ಬಂತು, ಕಿವಿ ಜಾರಿತು, ತಲೆ ಹೊರಬಂತು. ಹಲಗೆಗೆ ಒಂದು ಗೀರೂ ಬಿದ್ದಿರಲಿಲ್ಲ. ಗೆದ್ದೆ ಎಂದು ತಿರುಗಿದರೆ, ಯಾವಾಗ ಬಂದರೋ, ಅಪ್ಪ ಎಲೆ ಅಡಿಕೆ ಹಿಡಿದು ಆ ದೊಡ್ಡಾಕೆಯ ಜೊತೆ ನಗುತ್ತಾ ನಿಂತಿದ್ದಾರೆ. ಜಡೆ ಮುಟ್ಟಿಕೊಂಡೆ, ಮೊಳದುದ್ದ ಮಲ್ಲಿಗೆ. ನಮ್ಮಲ್ಲಿ ಗಂಡಿನ ತಾಯಿ ಹೂ ಮುಡಿಸಿದರೆ ಮಾತು ಮುಗಿದ ಹಾಗೆ. ಆಮೇಲೆ ಒಲ್ಲೆ ಅಂದರೆ ಮನೆತನದ ಮರ್ಯಾದೆ ಹೋಗುತ್ತದೆ.

"ಅಪ್ಪಾ, ಮೈಸೂರು?" ಎಂದೆ.

"ಊ ಮುಡುಸ್ಕಂಡ್ ಮ್ಯಾಲೆ ಇನ್ಯಾವ್ ಮೈಸೂರವ್ವ? ನೀನೂ ಬ್ಯಾಡ ಅನ್ನದೆ ನಿಂತಿದ್ದಲ್ಲ" ಎಂದರು. ಆವತ್ತು ಬಂದ ಸಿಟ್ಟು ಇಂದಿಗೂ ಇಳಿದಿಲ್ಲ.

ಸೋಮವಾರ ಇನ್ಸ್‌ಪೆಕ್ಟರು ತಾವೂ ಮುಖ ಇಟ್ಟು ನಕ್ಕರಂತೆ. ಇದನ್ನು ಬರೆದ ಹುಡುಗಿಯನ್ನು ಮೈಸೂರಿಗೆ ಕಳಿಸಲೇಬೇಕು ಎಂದು ಬರೆದುಕೊಟ್ಟರು. ಮೇಷ್ಟ್ರು ಆ ಕಾಗದ ತಂದಾಗ ನಾನು ಒಳಗೆ ಸೋದರತ್ತೆಯ ಕಾವಲಿನಲ್ಲಿ ಮದುವೆಯ ಅರಿಶಿನ ಕುಟ್ಟುತ್ತಿದ್ದೆ. ಅಪ್ಪ ಅದನ್ನು ಮನೆಮಂದಿಗೆಲ್ಲ ಕೇಳುವಂತೆ ಎರಡು ಸಲ ಓದಿ, ಬೀಗರಿಗೂ ತೋರಿಸಬೇಕೆಂದು ಜೋಪಾನವಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡರು.