ಬೆನ್ನ ಹಿಂದಿನ ಕಿಟಕಿ

ಲಿಡಿಯಾ ಟೀಚರ್ ಮೂವತ್ತೊಂದು ವರ್ಷ ಪಾಠ ಮಾಡಿದವರು, ಹನ್ನೊಂದು ಚುನಾವಣೆಗಳಲ್ಲಿ ಮತಗಟ್ಟೆ ನೋಡಿಕೊಂಡವರು. ನಿವೃತ್ತಿಯಾದ ಮೇಲೆ ಬಲ್ಮಠದ ಒಂದು ಪುಟ್ಟ ಸಂಸ್ಥೆ ಸೇರಿದರು. ಹೊಸದಾಗಿ ಓಟು ಕಲಿಯುವ ದೇಶಗಳ ಮಾಸ್ತರರಿಗೆ ಮತಗಟ್ಟೆ ನಡೆಸುವುದನ್ನು ಫೋನಿನಲ್ಲೇ ಹೇಳಿಕೊಡುವ ಸಂಸ್ಥೆ ಅದು. ಸಂಬಳವಿಲ್ಲ, ಚಹಾ ಉಂಟು.

ಈ ಸಲದ್ದು ಒಂದು ದ್ವೀಪ. ಇಪ್ಪತ್ತು ವರ್ಷ ಸೈನಿಕರು ಆಳಿದ ಆ ನೆಲದಲ್ಲಿ ಮರುದಿನ ಮೊದಲ ಮತದಾನ. ಮತಗಟ್ಟೆ ಹೇಗಿರಬೇಕೆಂದು ಟೀಚರ್ ಬಿಡಿಸಿದ ಚಿತ್ರ ಇನ್ನೂರ ಹತ್ತು ಶಾಲೆಗಳಿಗೆ ಹೋಗಿಯಾಗಿತ್ತು.

ಮಧ್ಯಾಹ್ನ ದೇರೆಬೈಲಿನ ಮನೆಯಲ್ಲಿ ಬಂಗುಡೆ ಮೀನಿನ ಸಾರು ಉಂಡು ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿದಾಗ, ಎಂದೂ ನೋಡದ ಆ ದ್ವೀಪ ತೇಲಿಬಂತು. ಮರಳಿನ ಮೇಲೆ ಹೆಂಗಸರ ಸಾಲು. ಯಾರ ಕಾಲೂ ನೆಲಕ್ಕೆ ತಾಗುತ್ತಿರಲಿಲ್ಲ. ಒಬ್ಬೊಬ್ಬರೇ ಶಾಲೆಯೊಳಗೆ ಬಂದು, ರಟ್ಟಿನ ಮರೆಗೆ ಮುಖಮಾಡಿ ಚೀಟಿ ಬಿಡಿಸುತ್ತಿದ್ದರು. ಹಿಂದಿನ ಕಿಟಕಿಯ ಬೆಳಕು ಹೆಗಲಿನಿಂದ ಇಳಿದು ಚೀಟಿಯ ಮೇಲೆ ಹಾಲಿನಂತೆ ಹರಡುತ್ತಿತ್ತು. ಆ ಬೆಳಕಿನಲ್ಲಿ ಮೆಲ್ಲಗೆ ಸೈನಿಕನ ಟೋಪಿಯೊಂದು ಮೂಡಿತು. ಟೋಪಿಯ ಕೆಳಗಿನ ಕಣ್ಣು ಚೀಟಿ ಓದುತ್ತಿತ್ತು.

ಟೀಚರಿಗೆ ಎಚ್ಚರವಾಯಿತು. ಮಕ್ಕಳು ಬರೆಯುವಾಗ ಬೆಳಕು ಹಿಂದಿನಿಂದ ಬೀಳಬೇಕು. ಆ ಚಾಳಿಯಲ್ಲೇ ಅವರು ಚಿತ್ರದಲ್ಲಿ ಮತದಾರರ ಬೆನ್ನಿಗೆ ಕಿಟಕಿ ಇಟ್ಟಿದ್ದರು.

ಸಂಸ್ಥೆ ನಡೆಸುವ ಹಾಶಿಂಗೆ ಫೋನು ಮಾಡಿ ಹೇಳಿದರು.

“ಈಗ ಎಂತ ಮಾಡುದು ಟೀಚರ್? ನಾವೇ ತಪ್ಪು ಕಲಿಸಿದ್ದು ಅಂದ್ರೆ ಮರ್ಯಾದೆ ಹೋಗ್ತದೆ. ಇನ್ನು ಯಾರು ನಮ್ಮನ್ನು ಕರೀತಾರೆ?”

“ಅವರು ಓಟು ಹಾಕುದು ನಿನ್ನ ಮರ್ಯಾದೆಗಾ ಮಾರಾಯ? ಯಾರಿಗೆ ಹಾಕಿದ್ರು ಅಂತ ಗೊತ್ತಾದ್ರೆ ನಾಡಿದ್ದು ಆ ಹೆಂಗಸರ ಮನೆಗೆ ಜೀಪು ಬರ್ತದೆ. ಮೇಜು ತಿರುಗಿಸ್ಲಿ. ಬೆನ್ನಿಗೆ ಗೋಡೆ ಇರ್ಲಿ.”

“ಆಗ ರಟ್ಟು ಅಡ್ಡ ಬಂದು ಚೀಟಿ ಮೇಲೆ ಕತ್ತಲೆ ಆಗ್ತದಲ್ಲ?”

“ಆಗ್ಲಿ. ಅಲ್ಲಿ ಕತ್ತಲೆಯೇ ಬೇಕಾದ್ದು.”

ಹಾಶಿಂ ಶಾಲೆಗಳಿಗೆ ಕಳಿಸುವ ಪತ್ರ ಬರೆಯತೊಡಗಿದ. “ತಪ್ಪು ಯಾರದ್ದು ಅಂತ ಬರೀಲಿ?”

“ನನ್ನದು ಅಂತ ಬರಿ. ಪೂರ್ತಿ ಹೆಸರು ಹಾಕು.”

ಹೊಸ ಚಿತ್ರ ಹೋಯಿತು. ಸಂಜೆಯೊಳಗೆ ಇನ್ನೂರ ಏಳು ಶಾಲೆಗಳಿಂದ ‘ತಿರುಗಿಸಿದೆವು’ ಎಂದು ಉತ್ತರ ಬಂತು. ಮೂರು ಶಾಲೆಗಳದ್ದು ಸುದ್ದಿಯಿಲ್ಲ.

ಮರುದಿನ ಹಾಶಿಂ ಅಲ್ಲಿಂದ ಬಂದ ಒಂದು ಫೋಟೋ ತೋರಿಸಿದ. ಕಿಟಕಿಯಾಚೆ ಸೈನಿಕನೊಬ್ಬ ಕೊಕ್ಕರೆಯ ಹಾಗೆ ಕತ್ತು ಚಾಚಿ ರಟ್ಟಿನ ಹಿಂಬದಿ ನೋಡುತ್ತಿದ್ದ. ಟೀಚರ್ ನಕ್ಕರು. ನಕ್ಕು, ಸುದ್ದಿಯಿಲ್ಲದ ಆ ಮೂರು ಶಾಲೆಗಳಲ್ಲಿ ಮೊದಲನೆಯದಕ್ಕೆ ಮತ್ತೆ ಫೋನು ಹಚ್ಚಿದರು. ಯಾರೂ ಎತ್ತಲಿಲ್ಲ; ಅದು ರಿಂಗಾಗುತ್ತಲೇ ಇತ್ತು, ನೀರಿನಡಿಯಲ್ಲಿ ಎಲ್ಲೋ ಗಂಟೆ ಬಾರಿಸಿದ ಹಾಗೆ.