ಇಳಿದ ನೀರನ್ನು ನಂಬಿದ ಮಾಮಾ

ಮಾಮಾನ ಕಾಲುಗಳು ಎರಡು ಬಣ್ಣದವು. ಮೊಣಕಾಲಿನ ಕೆಳಗೆ ಸದಾ ನೀರಲ್ಲಿ ನೆನೆದು ಬಿಳಚಿಕೊಂಡು ಬಿರುಕುಬಿಟ್ಟ ಚರ್ಮ, ಮೇಲೆ ಬಿಸಿಲಿಗೆ ಸುಟ್ಟ ಕಪ್ಪು. ಧೋತರ ಎತ್ತಿ ಕಟ್ಟಿಕೊಂಡೇ ಓಡಾಡುತ್ತಿದ್ದ ಅವರನ್ನು ದೂರದಿಂದ ಕಾಲು ನೋಡಿಯೇ ಗುರುತಿಸುತ್ತಿದ್ದೆವು.

ನನಗೇನೂ ಸ್ವಂತ ಸೋದರಮಾವ ಅಲ್ಲ. ಶಹಾಪುರದ ಹತ್ತಿರ ಕಾಲುವೆ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯವರು. ಕಾಲುವೆಯ ಗೇಟು ಎತ್ತುವುದು, ಇಳಿಸುವುದು ಅವರ ಕೆಲಸ. ಅಪ್ಪ ಅಲ್ಲಿನ ಆಫೀಸಿನಲ್ಲಿ ಕ್ಲರ್ಕು. ಗೇಟಿನ ಬಳಿ ನೀರಿನ ಸಪ್ಪಳದಲ್ಲಿ ಕೂಗಿ ಕೂಗಿ ಮಾಮಾನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಅವರು ಹೆಂಡತಿಯನ್ನು, ನಾವು ಅತ್ತಿ ಎನ್ನುತ್ತಿದ್ದವರನ್ನು, ಚಹಾ ಕೇಳಿದರೆ ಓಣಿಗೆಲ್ಲ ಬಾಯಲ್ಲಿ ನೀರೂರುತ್ತಿತ್ತು. ಹೊಸಬರು ಗಂಡ ಹೆಂಡತಿ ಜಗಳವಾಡುತ್ತಿದ್ದಾರೆಂದೇ ತಿಳಿಯುತ್ತಿದ್ದರು.

"ನೀರು ಹೇಳಿದ ಮಾತು ಕೇಳ್ತಾವ. ಮನಷ್ಯಾರೇ ಕೇಳಂಗಿಲ್ಲ," ಎನ್ನುತ್ತಿದ್ದರು. ಅವರ ಮಟ್ಟಿಗೆ ಅದು ನಿಜವೇ ಆಗಿತ್ತು. ನಮ್ಮ ಕಾಲುವೆಗೆ ವಾರಾಬಂದಿ. ಕೆಲವು ದಿನ ನೀರು ಬಿಡುತ್ತಾರೆ, ಕೆಲವು ದಿನ ನಿಲ್ಲಿಸುತ್ತಾರೆ. ಒಮ್ಮೆ ಇಳಿಯಿತೆಂದರೆ ಮುಂದಿನ ಪಾಳಿಯವರೆಗೆ ಹನಿಯೂ ಬಾರದು. ನಾನೂ ಅವರ ಮಗಳು ರೇಣುಕಾಳೂ ಆ ಬರಿದಾದ ಕಾಲುವೆಯೊಳಗೇ ಕುಂಟಾಟ ಆಡಿ ಬೆಳೆದವರು.

ಒಂದು ಬೇಸಿಗೆ ಕ್ವಾರ್ಟರ್ಸಿನ ನಾಲ್ಕಾರು ಮನೆಯವರು ಸೇರಿ ಟೆಂಪೊ ಮಾಡಿಕೊಂಡು ಗೋಕರ್ಣಕ್ಕೆ ಹೊರಟರು. ನಮ್ಮವ್ವ ಆಗಷ್ಟೇ ಬಾಣಂತಿ, ಅಪ್ಪನಿಗೆ ರಜೆಯಿಲ್ಲ. ನಾನು ಅತ್ತು ಕರೆದು ರಂಪ ಮಾಡಿದೆ. ಕೊನೆಗೆ ಅವ್ವ ಅತ್ತಿಯ ಕೈ ಹಿಡಿದು, "ಅಕ್ಕಾ, ಇಕಿಗಿ ನಿಮ್ಮ ಉಡ್ಯಾಗ ಹಾಕೀನಿ ನೋಡ್ರಿ," ಎಂದಳು. ಮಾಮಾ ಹೊರಗಿನಿಂದಲೇ, "ಏನ್ ಚಿಂತಿ ಮಾಡಬ್ಯಾಡ ತಂಗಿ, ಹೆಂಗ ಒಯ್ತೀನಿ ಹಂಗ ತಂದು ಒಪ್ಪಸ್ತೀನಿ," ಎಂದು ಕೂಗಿದರು.

ನಾವು ಕಡಲು ನೋಡಿದ್ದು ಅದೇ ಮೊದಲು. ಹೆಂಗಸರು ದಂಡೆಯಲ್ಲಿ ಕೂತು, ನಮ್ಮ ಕಾಲುವೆಗೆ ಮೊದಲ ನೀರು ಬಂದಾಗ ಮಾಡುವಂತೆ, ಅರಿಸಿನ ಕುಂಕುಮ ಬಳೆ ಇಟ್ಟು ಗಂಗವ್ವನ ಪೂಜೆಗೆ ತೊಡಗಿದರು. ಅಷ್ಟರಲ್ಲಿ ನೀರು ಸರಿಯುತ್ತ ಹೋಗಿ, ಒಳಗಿದ್ದ ದೊಡ್ಡ ಬಂಡೆಯವರೆಗೂ ಮರಳು ತೆರೆದುಕೊಂಡಿತ್ತು. "ನೀರು ಇಳದಾವ, ಬರ್ರಿ, ಕವಡಿ ಆರಿಸಿ ತರಮು," ಎಂದು ಮಾಮಾ ನಮ್ಮಿಬ್ಬರನ್ನೂ ಕರೆದೊಯ್ದರು. ಕಡಲಿಗೆ ಗೇಟಿಲ್ಲವೆಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಇಳಿದ ನೀರನ್ನು ನಂಬುವುದು ಅವರ ಮೈಗೆ ಹತ್ತಿಬಿಟ್ಟಿತ್ತು. ಬಂಡೆಯಾಚೆ ಕೂತು ಬೀಡಿ ಹಚ್ಚಿದರು. ನಾವು ಕವಡೆ ಆರಿಸುವುದರಲ್ಲಿ ಮೈಮರೆತೆವು.

ತಿರುಗಿ ನೋಡುವಾಗ ಬಂಡೆಗೂ ದಂಡೆಗೂ ನಡುವೆ ನೀರು ತುಂಬಿತ್ತು. ಮಾಮಾ ನಮ್ಮಿಬ್ಬರನ್ನೂ ಎರಡು ಬಗಲಿಗೆ ಎತ್ತಿಕೊಂಡು ಇಳಿದರು. ಎದೆಮಟ್ಟ ಬಂದಾಗ ತೆರೆಯೊಂದು ಅವರನ್ನು ಬಂಡೆಗೇ ತಂದು ಬಡಿಯಿತು. ಇಬ್ಬರನ್ನು ಹೊತ್ತು ದಾಟಲು ಆಗದೆಂದು ಅವರಿಗೆ ತಿಳಿದಿರಬೇಕು. ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಅವಳನ್ನು. "ಕಲ್ಲು ಗಟ್ಟಿ ಹಿಡ್ಕೊ ರೇಣಿ, ಇಕಿಗಿ ಬಿಟ್ಟು ಬರ್ತೀನಿ," ಎಂದು ನನ್ನನ್ನು ಹೆಗಲಿಗೇರಿಸಿಕೊಂಡರು.

ನನ್ನನ್ನು ದಂಡೆಗೆ ಹಾಕಿ ಮತ್ತೆ ನೀರಿಗೆ ಬಿದ್ದರು. ಕೃಷ್ಣೆಯಲ್ಲಿ ಈಜಿದವರು, ಆದರೆ ತೆರೆ ಅವರನ್ನು ಮತ್ತೆ ಮತ್ತೆ ದಂಡೆಗೆ ಎಸೆಯಿತು. ಅತ್ತಿ ಅವರ ಅಂಗಿ ಹಿಡಿದೆಳೆದು, "ನಮ್ಮ ಕೂಸಿಗಿ ಬಿಟ್ಟು ಬಂದ್ರೇನ್ರಿ?" ಎಂದು ಚೀರಿದರು.

"ಇದು ಮಂದಿ ಕೂಸು," ಎಂದರು ಮಾಮಾ. "ಉಡ್ಯಾಗ ಹಾಕ್ಯಾರ."

ಬಲೆ ಒಣಹಾಕುತ್ತಿದ್ದ ಮೀನುಗಾರರಿಬ್ಬರು ದೋಣಿ ತಳ್ಳಿಕೊಂಡು ಹೋಗಿ ರೇಣುಕಾಳನ್ನು ಇಳಿಸಿ ತಂದರು. ಬಂಡೆ ತಬ್ಬಿಹಿಡಿದು ಅವಳ ಎರಡೂ ಅಂಗೈ ಸುಲಿದುಹೋಗಿದ್ದವು. ಅವಳು ಅಳಲಿಲ್ಲ. ಊರು ಮುಟ್ಟುವವರೆಗೂ ತನ್ನಪ್ಪನ ಪಕ್ಕ ಕೂರಲಿಲ್ಲ.

ಆಮೇಲೆ ಮಾಮಾನ ದನಿ ಅಡಗಿತು. ನೀರು ಮಾತು ಕೇಳುತ್ತದೆಂದು ಮತ್ತೆ ಅವರ ಬಾಯಿಂದ ಬರಲಿಲ್ಲ. ನೀರು ಬಿಡುವ ದಿನ ಬಟ್ಟೆ ಒಗೆಯುವ ಕಟ್ಟೆಯವರೆಗೂ ನಡೆದು ಹೋಗಿ, ಒಳಗೆ ಮಕ್ಕಳಿಲ್ಲವೆಂದು ಕಣ್ಣಾರೆ ಕಂಡ ಮೇಲೆಯೇ ಬಂದು ಗೇಟು ಎತ್ತುತ್ತಿದ್ದರು. ತಡವಾಯಿತೆಂದು ಕೆಳಗಿನ ಹೊಲದವರು ಬಾಯಿಗೆ ಬಂದಂತೆ ಬೈದರೂ ಬಿಡಲಿಲ್ಲ. ನನ್ನನ್ನು ಕಂಡರೆ ಮೊದಲಿನಂತೆಯೇ ನಗುತ್ತಿದ್ದರು. ಮಗಳ ಎದುರಿಗೆ ಮಾತ್ರ ನೆಲ ನೋಡುತ್ತಿದ್ದರು.

ರೇಣುಕಾಳನ್ನು ಕಾಲೇಜಿಗೆಂದು ಯಾದಗಿರಿಗೆ ಕಳಿಸಲು ಅವರು ಹಿಂದೆಮುಂದೆ ನೋಡಿದಾಗ ಜಗಳವಾಯಿತು. ನಾನು ಬಾಗಿಲಲ್ಲೇ ನಿಂತಿದ್ದೆ. "ನಾ ಮಂದಿ ಮಗಳಾಗಿ ಹುಟ್ಟಿದ್ರ ಚಲೋ ಇತ್ತು," ಎಂದಳು ಅವಳು. ಮಾಮಾ ಎದ್ದು ಗೇಟಿನ ಕಡೆ ನಡೆದರು. ಮರುವಾರ ತಾವೇ ಹೋಗಿ ಹೆಸರು ಹಚ್ಚಿಸಿ ಬಂದರು. ನನಗೆ ಅಂದು ಬದುಕಿದ್ದಕ್ಕೇ ನಾಚಿಕೆಯಾಗಿತ್ತು.

ಅತ್ತಿ ತೀರಿಕೊಂಡ ಮೇಲೆ ಹಾಸಿಗೆ ಹಿಡಿದ ಮಾಮಾನನ್ನು ಸುರಪುರದ ತನ್ನ ಮನೆಗೆ ಕರೆತಂದವಳು ರೇಣುಕಾಳೇ. ಮೈ ತೊಳೆದಳು, ತುತ್ತು ಮಾಡಿ ಉಣ್ಣಿಸಿದಳು. ಕೊನೆಯ ದಿನ ಅವಳು ಫೋನು ಮಾಡಿದ್ದಕ್ಕೆ ನಾನು ಓಡಿದೆ. ಮಾಮಾ ಎಳೆದೆಳೆದು ಉಸಿರಾಡುತ್ತಿದ್ದರು. ಬಾಯಿಗೆ ನೀರು ಬಿಡಿರೆಂದು ಯಾರೋ ಹಿರಿಯರು ಹೇಳಿದರು. ರೇಣುಕಾ ಚಮಚೆ ತುಂಬಿ ನನ್ನ ಕೈಗಿಟ್ಟಳು.

"ನೀನ ಮಗಳು, ನೀ ಮೊದಲ ಹಾಕು," ಎಂದೆ.

"ಇಲ್ಲವ್ವಾ. ಅವತ್ತು ಅಪ್ಪ ನಿನಗೇ ಮೊದಲ ಎತ್ಕೊಂಡಿದ್ದ. ಹಾಕು." ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ನಾನು ಹಾಕಿದ ನೀರು ಗಂಟಲಿಗೆ ಇಳಿಯಿತು. ಅವಳು ಹಾಕಿದ್ದು ಕಟಬಾಯಿಯಿಂದ ಹೊರಗೆ ಹರಿಯಿತು. ನಾನು ಸೆರಗಿನಿಂದ ಗಡಬಡಿಸಿ ಒರೆಸಿದೆ. ಅವಳ ಕಣ್ಣಿಗೆ ಅದು ಬಿದ್ದಿರಲಾರದೆಂದು ಇಂದಿಗೂ ನಂಬಿಕೊಂಡಿದ್ದೇನೆ.