ಹೊಳೆಯ ರುಚಿ ನೋಡುವ ಕೆಲಸ

ಬೇರೆಯವರು ಬೆಳಿಗ್ಗೆ ಎದ್ದು ದೇವರಿಗೆ ಕೈಮುಗಿಯುವ ಹೊತ್ತಿಗೆ ನಾನು ಹೊಳೆಗಿಳಿದು ಬೆರಳು ಅದ್ದಿ ನೆಕ್ಕುತ್ತಿದ್ದೆ. ದೀಪಾವಳಿ ಕಳೆದು ಮಳೆ ಪೂರಾ ನಿಂತಿತು ಎಂದಾದ ಕೂಡಲೇ ಈ ಕೆಲಸ ಶುರು. ಆಗಿನ್ನೂ ಹೊಳೆ ತುಂಬಿ ಹರಿಯುತ್ತಿರುತ್ತದೆ. ಉಪ್ಪು ಹತ್ತಲು ತಿಂಗಳುಗಟ್ಟಲೆ ಸಮಯ ಉಂಟು. ಆದರೂ ನನ್ನ ನಾಲಗೆಗೆ ಅನುಮಾನ. "ಇವತ್ತು ಸ್ವಲ್ಪ ಉಪ್ಪಿನ ಹಾಗೆ ಉಂಟಲ್ಲ ಅಮ್ಮ" ಎಂದರೆ ಅಮ್ಮ ಒಲೆ ಊದುವುದನ್ನು ನಿಲ್ಲಿಸದೆ, "ಉಪ್ಪಿನಕಾಯಿ ಮುಟ್ಟಿದ ಕೈ ತೊಳೆದಿದ್ದಿಯಾ?" ಎಂದು ಕೇಳುತ್ತಿದ್ದಳು.

ನಮ್ಮ ಮನೆ ಫರಂಗಿಪೇಟೆಯಿಂದ ಬಂಟ್ವಾಳದ ಕಡೆಗೆ ಸ್ವಲ್ಪ ದೂರದಲ್ಲಿ, ನೇತ್ರಾವತಿಯ ದಡದಲ್ಲಿತ್ತು. ನಮಗೆ ಸಮುದ್ರ ಕಾಣಬೇಕಾದರೆ ಮಂಗಳೂರಿಗೆ ಹೋಗಬೇಕು. ಆದರೆ ಬೇಸಿಗೆಯಲ್ಲಿ ಸಮುದ್ರವೇ ನಮ್ಮನ್ನು ಕಾಣಲು ಬರುತ್ತಿತ್ತು. ಹೊಳೆ ಕಡಲು ಸೇರುವ ಅಳಿವೆಯ ಬಾಗಿಲಿನಿಂದ ಉಬ್ಬರದ ನೀರು ಒಳಗೆ ನುಗ್ಗಿ, ಹೊಳೆಯ ಬಲ ಕುಗ್ಗಿದಷ್ಟೂ ಮೇಲೆ ಮೇಲೆ ಹತ್ತುತ್ತಿತ್ತು. ನಮ್ಮ ಗದ್ದೆಗಳಿಗೆ ನೀರು ಕೊಡುವ ತೋಡು ಹೊಳೆಗೆ ಸೇರುವಲ್ಲಿ ಒಂದು ಕಟ್ಟ ಹಾಕಿ, ಉಪ್ಪನ್ನು ಹೊರಗೆ ನಿಲ್ಲಿಸಿ, ಒಳಗಿನ ಸಿಹಿನೀರಿನಲ್ಲಿ ನಾವು ಮೂರನೆಯ ಬೆಳೆ ಕೊಳಕೆಯನ್ನು ತೆಗೆಯುತ್ತಿದ್ದೆವು. ಮಳೆಗಾಲಕ್ಕೆ ಮನೆಯಲ್ಲಿ ಅನ್ನ ಉಳಿಯುವುದು ಆ ಕೊಳಕೆಯಿಂದ. ಅಪ್ಪ ತೀರಿಕೊಂಡ ಮೇಲೆ ಗದ್ದೆಯೂ ಚಿಂತೆಯೂ ಒಟ್ಟಿಗೇ ನನ್ನ ಪಾಲಿಗೆ ಬಂದವು. ಗದ್ದೆಗಾದರೂ ಬದು ಇತ್ತು.

ಐವತ್ತರ ದಶಕ ಮುಗಿಯುತ್ತಾ ಬಂದ ಒಂದು ವರ್ಷ ಹಿಂಗಾರು ಕೈಕೊಟ್ಟಿತು. ಮಕರ ಸಂಕ್ರಮಣ ಕಳೆಯುವಷ್ಟರಲ್ಲಿ ಬಾವಿಯ ನೀರು ಉಪ್ಪಾಗಿ ಬಾಯಿಗೆ ಅಂಟತೊಡಗಿತು. ತೋಡು ಇಳಿದು ಕೆಸರು ಕಾಣುತ್ತಿತ್ತು. ಕಟ್ಟದ ಆಚೆ ಹೊಳೆ ತುಂಬ ನೀರು, ಆದರೆ ಅದನ್ನು ಒಳಗೆ ಬಿಟ್ಟರೆ ಗದ್ದೆ ಸತ್ತ ಹಾಗೆಯೇ. ಉಪ್ಪು ಕುಡಿದ ಗದ್ದೆ ಒಂದು ಮಳೆಗಾಲಕ್ಕೆ ಸುಧಾರಿಸುವುದಿಲ್ಲ. ಬಿಡದಿದ್ದರೆ ಪೈರು ಒಣಗುತ್ತದೆ. ಈ ಸಲ ನನ್ನ ಚಿಂತೆಗೆ ಕಾರಣ ನಿಜವಾಗಿಯೂ ಇತ್ತು. ಅದರಿಂದ ಒಂದು ಬಗೆಯ ಸಮಾಧಾನವೂ ಆಗಿತ್ತು ಎಂದರೆ ಯಾರೂ ನಂಬುವುದಿಲ್ಲ.

ದಾರಿ ತೋರಿಸಿದ್ದು ಮೂಡಬಿದ್ರೆಯ ಭಾವ, ನನ್ನ ಅಕ್ಕನ ಗಂಡ. ಮರದ ಮಿಲ್ಲು ಇಟ್ಟುಕೊಂಡಿದ್ದ ಅವರಿಗೆ ಜಗತ್ತಿನಲ್ಲಿ ಕೊಯ್ದು ಸರಿಮಾಡಲಾಗದ್ದು ಯಾವುದೂ ಇರಲಿಲ್ಲ.

"ನಿನ್ನ ಹೊಳೆಯ ನೀರೆಲ್ಲ ಎಲ್ಲಿ ಹೋಯಿತು ಮಾರಾಯ? ಮೇಲೆ ಬೆಳ್ತಂಗಡಿಯಲ್ಲಿ ನಿಂತಿದೆ. ಮುಂಡಾಜೆಯಿಂದ ಕೆಳಗೆ ಅಡಿಕೆ ತೋಟಕ್ಕೆಂದು ಹಳ್ಳಹಳ್ಳಕ್ಕೂ ಕಟ್ಟ ಕಟ್ಟಿದ್ದಾರೆ. ಎಲ್ಲರೂ ಒಂದೇ ದಿನ ಸ್ವಲ್ಪ ಸ್ವಲ್ಪ ಬಿಟ್ಟರೆ ಸಿಹಿನೀರು ಇಲ್ಲಿಗೆ ಬರುತ್ತದೆ. ಅದು ಬರುವ ಹೊತ್ತಿಗೆ ಸರಿಯಾಗಿ ಹುಣ್ಣಿಮೆಯ ಉಬ್ಬರ ಇದ್ದರೆ ಅದೇ ಅದನ್ನು ನಿನ್ನ ತೋಡಿನೊಳಗೆ ಎತ್ತಿಕೊಡುತ್ತದೆ. ನಿನ್ನ ಕಟ್ಟಕ್ಕೆ ಮೇಲೆಳೆದು ಇಳಿಸುವ ಹಲಗೆಬಾಗಿಲು ನಾನು ಮಾಡಿಕೊಡುತ್ತೇನೆ."

"ಅವರು ಯಾಕೆ ಬಿಡ್ತಾರೆ ಭಾವ?"

"ಕೇಳು. ಕೇಳಿದ್ದಕ್ಕೆ ನಾಲಗೆ ಸವೆಯುವುದಿಲ್ಲ. ನಿನ್ನದು ಸವೆದರೂ ಒಳ್ಳೆಯದೇ."

"ನಿಮ್ಮದು ಬೇರೆ ಹೊಳೆ. ನಿಮಗೆ ಯಾಕೆ ಇಷ್ಟು ಉಸಾಬರಿ?"

"ಬೇರೆ ಎಂತದು? ಫಲ್ಗುಣಿಯೂ ನೇತ್ರಾವತಿಯೂ ಹೋಗಿ ಸೇರುವುದು ಅದೇ ಅಳಿವೆ. ಇವತ್ತು ನಿನ್ನ ಹಿತ್ತಿಲಿಗೆ ಬಂದದ್ದು ನಾಳೆ ನಮ್ಮ ಕಡೆಯವರ ಗದ್ದೆಗೂ ಹತ್ತುತ್ತದೆ."

ಚಾರ್ಮಾಡಿ ಕಡೆಯ ಬಸ್ಸಿನ ಕಂಡಕ್ಟರರ ಬಾಯಲ್ಲಿ ಹೇಳಿಕಳಿಸಿದೆವು. ಮೂರು ಸಲ ಉತ್ತರ ಬರಲಿಲ್ಲ. ನಾಲ್ಕನೆಯ ಸಲ ಅವರು ಫುಟ್‌ಬೋರ್ಡಿನಿಂದ ಬಗ್ಗಿ, "ಹೊಳೆ ಉಪ್ಪಾಗುವುದುಂಟಾ ಎಂದು ನಗಾಡ್ತಾರೆ ಮಾರಾಯ್ರೆ. ಆದರೆ ಆದಿತ್ಯವಾರ ಬರ್ತಾರಂತೆ, ನೋಡಲಿಕ್ಕೆ" ಎಂದರು.

ಬರುವವರು ಮುಂಡಾಜೆಯ ಒಬ್ಬ ದೊಡ್ಡ ಯಜಮಾನರು ಮತ್ತು ಅವರ ಕಡೆಯ ನಾಲ್ಕೈದು ಜನ. ನನಗೆ ಹೊಸ ಚಿಂತೆ ಹಿಡಿಯಿತು. ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಡದೆ ನಮ್ಮಲ್ಲಿ ಮಾತು ಶುರುವಾಗುವುದಿಲ್ಲ. ನಮ್ಮ ಬಾವಿಯ ಉಪ್ಪುನೀರನ್ನು ಯಾವ ಮುಖದಲ್ಲಿ ಕೊಡುವುದು? ಗುಡ್ಡದ ಮೇಲಿನ ಮನೆಯ ಬಾವಿಯಿಂದ ಎರಡು ಕೊಡ ಸಿಹಿನೀರು ಹೊತ್ತು ತಂದು, ಮುಚ್ಚಿಟ್ಟು, ಮುಚ್ಚಿದ್ದು ಸರಿಯಾಗಿದೆಯೇ ಎಂದು ಮತ್ತೆ ಮತ್ತೆ ನೋಡಿಬಂದೆ.

ಯಜಮಾನರು ಬಂದರು. ಎತ್ತರದ ಆಳು, ತಲೆಗೆ ಅಡಿಕೆ ಹಾಳೆಯ ಟೊಪ್ಪಿ, ಮುಟ್ಟಾಳೆ. ಜಗಲಿಯಲ್ಲಿ ಕೂತರು. ಅಮ್ಮ ಬೆಲ್ಲದ ತಟ್ಟೆ, ನೀರಿನ ಚೆಂಬುಗಳನ್ನು ತಂದಳು. ಚೆಂಬು ಹೊರಟದ್ದು ನಾನು ಮುಚ್ಚಿಟ್ಟ ಕೊಡದ ಕಡೆಯಿಂದ ಅಲ್ಲ ಎಂಬುದು ನನಗೆ ಬಾಗಿಲಲ್ಲೇ ಗೊತ್ತಾಯಿತು. ಕಣ್ಣು ಬಿಟ್ಟು ಸನ್ನೆ ಮಾಡಿದೆ. ಅವಳು ನನ್ನನ್ನು ದಾಟಿಕೊಂಡು ಹೋದಳು.

ಯಜಮಾನರು ಬೆಲ್ಲ ಬಾಯಿಗೆ ಹಾಕಿ, ಚೆಂಬನ್ನು ಎತ್ತಿ ಮೇಲಿನಿಂದ ಬಾಯಿಗೆ ಬಿಟ್ಟುಕೊಂಡರು. ಗಂಟಲ ಗಂಟು ಅರ್ಧಕ್ಕೆ ನಿಂತಿತು. ಅತಿಥಿಯಾಗಿ ಬಂದವನು ಜಗಲಿಯಲ್ಲಿ ಕೂತು ಉಗುಳುವುದೆಂದರೆ ಸಾಧ್ಯವಿಲ್ಲದ ಮಾತು. ಅವರು ನುಂಗಿದರು. ಹಿಂದೆ ಕೂತಿದ್ದವರು ಅವರ ಮುಖ ನೋಡಿ ತಮ್ಮ ತಮ್ಮ ಚೆಂಬನ್ನು ಮೆಲ್ಲಗೆ ಕೆಳಗಿಟ್ಟರು.

"ಇನ್ನೊಂದು ತುಂಡು ಬೆಲ್ಲ ಕೊಡಲಾ ಅಣ್ಣ?" ಅಮ್ಮ ಕೇಳಿದಳು.

"ಬೇಡ ತಂಗಿ." ಚೆಂಬಿನೊಳಗೆ ಒಮ್ಮೆ ಇಣುಕಿದರು. "ನೀವು ದಿನಾ ಇದನ್ನೇ ಕುಡಿಯುವುದಾ?"

"ದಿನಾ. ಬೆಲ್ಲ ಮಾತ್ರ ದಿನಾ ಇರುವುದಿಲ್ಲ."

ನಾನು ಬಾಯಿಪಾಠ ಮಾಡಿಟ್ಟುಕೊಂಡಿದ್ದ ಭಾಷಣ ಹಾಗೆಯೇ ಉಳಿಯಿತು. ಯಜಮಾನರು ಮುಟ್ಟಾಳೆ ತೆಗೆದು ಮೊಣಕಾಲ ಮೇಲಿಟ್ಟು, "ಹುಣ್ಣಿಮೆ ಯಾವಾಗ?" ಎಂದರು. ಆಮೇಲೆ ಮಾತೆಲ್ಲ ಲೆಕ್ಕಾಚಾರದ್ದೇ. ಎರಡು ದಿನ ಮೊದಲು ಮೇಲಿನ ಕಟ್ಟಗಳ ಅರ್ಧ ಎತ್ತರವನ್ನು ಬಿಚ್ಚುವುದು. ಪುನಃ ಕಟ್ಟುವುದಕ್ಕೆ ಕೆಳಗಿನವರು ಸಂದಿಗೆ ತುರುಕುವ ಬೈಹುಲ್ಲಿನ ಸಮೇತ ಮೇಲೆ ಬರುವುದು. "ಗಂಜಿ ನಮ್ಮದು. ಆದರೆ ಈ ಮಗನನ್ನು ಕಳಿಸಬೇಡಿ. ಇವನ ಮುಖ ನೋಡಿದರೆ ಕಟ್ಟ ತಾನಾಗಿ ಸೋರೀತು" ಎಂದರು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಊಟ ಮಾತ್ರ ಗುಡ್ಡದ ನೀರಿನದ್ದು. ಕೊಡ ಮುಚ್ಚಿದ್ದು ವ್ಯರ್ಥವಾಗಲಿಲ್ಲ.

ಅಲ್ಲಿಂದ ಹುಣ್ಣಿಮೆಯವರೆಗೆ ನಾನು ಪಟ್ಟ ಚಿಂತೆಗಳನ್ನು ಬರೆದರೆ ಬೇರೆ ಪುಸ್ತಕವಾದೀತು. ನೀರು ಬೇಗ ಬಂದರೆ? ತಡವಾಗಿ ಬಂದರೆ? ಉಬ್ಬರವೇ ಮೊದಲು ಬಂದು ಸಿಹಿನೀರನ್ನು ಬಂಟ್ವಾಳದ ಹತ್ತಿರ ತಡೆದು ನಿಲ್ಲಿಸಿದರೆ? ಭಾವ ಲಾರಿಯಲ್ಲಿ ಹಲಗೆ ತಂದು ಬಾಗಿಲು ಕೂರಿಸುತ್ತಿದ್ದರೆ ನಾನು ಪಕ್ಕದಲ್ಲಿ ನಿಂತು ಹಲಗೆಯ ಬಿರುಕು ಹುಡುಕುತ್ತಿದ್ದೆ. ಕಡೆಗೆ ಅವರು, "ನೋಡು, ನಿನಗೊಂದು ಕೆಲಸ ಉಂಟು. ಬಾಗಿಲು ಎಳೆಯುವುದು ನೀನು ಹೇಳಿದಾಗ. ಊರಿನಲ್ಲಿ ದಿನಾ ಹೊಳೆ ನೆಕ್ಕುವವನು ನೀನೊಬ್ಬನೇ" ಎಂದರು. ಎಲ್ಲರೂ ಒಪ್ಪಿದರು. ನನ್ನನ್ನು ಕೇಳಿದವರಿಲ್ಲ.

ಹುಣ್ಣಿಮೆಯ ಹಿಂದಿನ ದಿನವೇ ಕಂಡಕ್ಟರು ಬಸ್ಸು ನಿಲ್ಲಿಸಿ ಸುದ್ದಿ ಕೊಟ್ಟಿದ್ದರು: ಬಿಟ್ಟಿದ್ದಾರೆ, ಮುಂಡಾಜೆಯಿಂದ ಹಿಡಿದು ಒಬ್ಬರೂ ತಪ್ಪಿಸಲಿಲ್ಲ. ಮರುದಿನ ಮಧ್ಯಾಹ್ನ ಎರಡೂ ದಡದವರು ತಮ್ಮ ತಮ್ಮ ಕಟ್ಟದ ಹತ್ತಿರ ಸೇರಿದ್ದರು. ಆಚೆ ದಡದವರಿಗೂ ನಮಗೂ ಹೊಳೆಯ ಹೊಯ್ಗೆ, ಮರಳು ತೆಗೆಯುವ ವಿಷಯದಲ್ಲಿ ಮಾತು ಬಿಟ್ಟು ವರ್ಷವಾಗಿತ್ತು. ಅವರ ತೋಡಿಗೂ ಭಾವ ಬಾಗಿಲು ಮಾಡಿಕೊಟ್ಟಿದ್ದರಿಂದ ಅವರೂ ನನ್ನ ನಾಲಗೆಯನ್ನೇ ನಂಬಿ ನಿಂತಿದ್ದರು. ಉಬ್ಬರ ಏರುತ್ತಿತ್ತು. ಮೊದಲು ಬಂದದ್ದು ಕಸ. ಅಡಿಕೆ ಸೋಗೆ, ಕೊಳೆತ ಹಾಳೆ, ಕಟ್ಟದ ಸಂದಿಗೆ ತುರುಕಿದ್ದ ಕಾಡುಸೊಪ್ಪಿನ ಮುದ್ದೆಗಳು. ನಮ್ಮ ಕಡೆ ಇಲ್ಲದ ಸೊಪ್ಪು. ಮೇಲಿನವರು ಮಾತು ಉಳಿಸಿಕೊಂಡಿದ್ದರು.

ನಾನು ಸೊಂಟದವರೆಗೆ ನೀರಿನಲ್ಲಿ ನಿಂತು ಬೊಗಸೆ ಎತ್ತಿದೆ. ಸಿಹಿ ಎನಿಸಿತು. ಎನಿಸಿದ್ದನ್ನು ನಂಬುವ ಜಾತಿ ನನ್ನದಲ್ಲ. ಇನ್ನೊಂದು ಬೊಗಸೆ. ಉಪ್ಪೋ, ನನ್ನ ಬೆವರೋ? ಮತ್ತೊಂದು. ಬೆಳಗ್ಗಿನಿಂದ ಬಿಸಿಲಲ್ಲಿ ನಿಂತು ನಾಲಗೆ ಹಲಗೆಯಾಗಿತ್ತು. ನಾನು ತಪ್ಪಿದರೆ ಎರಡು ದಡದ ಗದ್ದೆ ಹೋಯಿತು. ತಡಮಾಡಿದರೆ ಉಬ್ಬರ ಇಳಿದು ಎಲ್ಲ ನೀರೂ ಸಮುದ್ರಕ್ಕೆ.

"ಆಯ್ತಾ?" ಭಾವ ಮೇಲಿನಿಂದ ಕೇಳಿದರು.

"ಸ್ವಲ್ಪ ತಾಳಿ."

ಇನ್ನೊಂದು ಬೊಗಸೆ. ಮತ್ತೂ ಒಂದು. ಆಚೆ ದಡದಿಂದ ದೋಣಿಯಲ್ಲಿ ಹತ್ತಿರ ಬಂದಿದ್ದವನೊಬ್ಬನಿಗೆ ತಡೆಯಲಾಗಲಿಲ್ಲ. "ಎಂತ ಮಾರಾಯ, ಹೊಳೆ ಪೂರಾ ನೀನೇ ಕುಡಿದು ಮುಗಿಸ್ತಿಯಾ? ಗದ್ದೆಗೂ ಒಂದು ಗುಟುಕು ಉಳಿಸು."

ಜನ ನಕ್ಕರು. ನಾನು ಕೈಯಲ್ಲಿದ್ದ ಬೊಗಸೆಯನ್ನು ನೋಡಿದೆ. ಹೌದು, ಕುಡಿಯುತ್ತಿದ್ದೆ. ರುಚಿ ನೋಡುವುದು ಯಾವಾಗಲೋ ಬಿಟ್ಟುಹೋಗಿತ್ತು. ಹೊಟ್ಟೆ ತಣ್ಣಗಾಗಿತ್ತು. ಬೆಳಗ್ಗಿನಿಂದ ಇದ್ದ ಬಾಯಾರಿಕೆ ಇರಲಿಲ್ಲ. ಉಪ್ಪು ನೀರು ಯಾರ ಬಾಯಾರಿಕೆಯನ್ನೂ ತೀರಿಸಿದ್ದಿಲ್ಲ.

"ಎಳೆಯಿರಿ" ಎಂದೆ. ಭಾವನಿಗೆ ಕೇಳಿಸಿತು.

ಹಲಗೆಗಳು ಮೇಲೆದ್ದವು. ಹೊಳೆ ಒಂದು ಕ್ಷಣ ಹಿಂಜರಿದಂತೆ ಮಾಡಿ, ಆಮೇಲೆ ತೋಡಿನೊಳಗೆ ಬಗ್ಗಿತು. ಒಣಗಿ ಸೀಳು ಬಿಟ್ಟಿದ್ದ ಕೆಸರು ಗುಳುಗುಳು ಎನ್ನುತ್ತಾ ಕುಡಿಯಿತು. ತೋಡು ತುಂಬಿತು, ಬದುವಿನ ಬಾಯಿಗಳು ತೆರೆದುಕೊಂಡವು, ಗದ್ದೆಯಿಂದ ಗದ್ದೆಗೆ ನೀರಿನ ಬೆಳಕು ಹರಡಿತು. ಆಚೆ ದಡದಿಂದ ಕೂ ಎಂಬ ಕೂಗು ಬಂತು. ನಮ್ಮವರು ಮಾತು ಬಿಟ್ಟದ್ದನ್ನು ಮರೆತು ತಿರುಗಿ ಕೂಗಿದರು. ಉಬ್ಬರ ಇಳಿಯುವ ಮೊದಲು ಹಲಗೆ ಇಳಿಸಿದೆವು. ಅಮ್ಮ ಗದ್ದೆಯ ಬದುವಿನಲ್ಲಿ ಸೀರೆ ಎತ್ತಿಕಟ್ಟಿ ಕಾಲು ನೆನೆಸಿಕೊಂಡು ನಿಂತಿದ್ದಳು. ನನ್ನನ್ನು ನೋಡಿ, "ಕೈ ತೊಳೆದಿದ್ದಿಯಾ?" ಎಂದಳು.

ಮರುದಿನ ನಮ್ಮವರೂ ಆಚೆ ದಡದವರೂ ಒಂದೇ ಬಸ್ಸಿನಲ್ಲಿ ಬೈಹುಲ್ಲಿನ ಕಟ್ಟುಗಳನ್ನು ಮೇಲೆ ಹೇರಿಕೊಂಡು ಮುಂಡಾಜೆಗೆ ಹೋದರು. ಮೂಡಬಿದ್ರೆಯಿಂದ ಭಾವನ ಮಿಲ್ಲಿನ ಆಳುಗಳೂ ಬಂದರು. ಬೇಡ ಎಂದಿದ್ದರೂ ನಾನೂ ಹೋದೆ. ಕಟ್ಟ ಸೋರಲಿಲ್ಲ. ಆ ವರ್ಷದ ನಂತರ ಅದು ಪದ್ಧತಿಯೇ ಆಯಿತು. ಶಿವರಾತ್ರಿಯ ಮೊದಲಿನ ಹುಣ್ಣಿಮೆಗೆ ಮೇಲಿನವರು ಬಿಡುವುದು, ಕೆಳಗಿನವರು ಹೋಗಿ ಕಟ್ಟುವುದು. ಅಳಿವೆಯ ಕಡೆಯಿಂದ ಮರುವಾಯಿ ಚಿಪ್ಪು ಮಾರಲು ಬರುತ್ತಿದ್ದ ಹೆಂಗಸರು, ಸಿಹಿನೀರು ಮುಟ್ಟಿದ ಮೇಲೆ ಚಿಪ್ಪಿನೊಳಗೆ ಮಾಂಸ ತುಂಬಿದೆ ಎಂದು ಹೇಳಿ, ಒಂದು ಹಿಡಿ ಹೆಚ್ಚೇ ಹಾಕಿಹೋಗುತ್ತಿದ್ದರು.

ಕೊಳಕೆಯ ಕೊಯ್ಲಿಗೆ ಯಜಮಾನರನ್ನು ಕರೆದೆವು. ಜಗಲಿಯಲ್ಲಿ ಕೂತರು. ಅಮ್ಮ ಬೆಲ್ಲದ ತಟ್ಟೆ, ಚೆಂಬು ಇಟ್ಟಳು. ಗದ್ದೆಗಳಲ್ಲಿ ಸಿಹಿನೀರು ನಿಂತ ಮೇಲೆ ಬಾವಿಯ ಉಪ್ಪೂ ಇಳಿದಿತ್ತು. ನನಗೆ ಅಲ್ಲೂ ಅನುಮಾನ, ಬೆಳಿಗ್ಗೆ ಬಾವಿಯ ನೀರನ್ನು ಎರಡು ಸಲ ರುಚಿ ನೋಡಿದ್ದೆ. ಯಜಮಾನರು ಚೆಂಬನ್ನು ಕೈಗೆತ್ತಿಕೊಂಡು ಅಮ್ಮನ ಮುಖವನ್ನೊಮ್ಮೆ ನೋಡಿದರು. ಅಮ್ಮ ಅಂಗಳದ ಹೊಸ ಭತ್ತದ ರಾಶಿಯ ಕಡೆ ನೋಡುತ್ತಿದ್ದಳು. ಅವರು ಚೆಂಬನ್ನು ಎತ್ತಿದವರು ಪೂರ್ತಿ ಖಾಲಿಯಾಗುವವರೆಗೆ ಇಳಿಸಲಿಲ್ಲ. ಆಮೇಲೆ ಬೆಲ್ಲದ ತಟ್ಟೆಯನ್ನು ಬೆರಳಿನಿಂದ ನನ್ನ ಕಡೆಗೆ ತಳ್ಳಿ, ಚೆಂಬನ್ನು ಅಮ್ಮನ ಕೈಗೆ ಕೊಟ್ಟರು.

"ಇನ್ನೊಂದು ಚೆಂಬು ಕೊಡು ತಂಗಿ. ಬೆಲ್ಲ ಬೇಡ."